ಪುಸ್ತಕ ಕಾಯುವುದನ್ನು ಬಿಡಿಸಿದಾಕೆ

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಬ್ಯಾಡಗಿಯ ನಮ್ಮ ಓಣಿಯ ಅರ್ಧ ಜನಕ್ಕೆ ಅದು ಯಾರದೆಂದು ತಿಳಿಯಲಿಕ್ಕಿಲ್ಲ. ಅಂಗನವಾಡಿಗೆ ಬರುವ ಕೂಸುಗಳಿಂದ ಹಿಡಿದು ಆ ಕೂಸುಗಳ ಅಜ್ಜಂದಿರವರೆಗೆ ಎಲ್ಲರಿಗೂ ಆಕೆ ‘ಆಯಾ’. ಗಂಡನೂ ಒಮ್ಮೊಮ್ಮೆ ಮೈಮರೆತು ‘ಆಯಾ, ಚಾ ಕೊಡು’ ಅಂದು ಬೈಸಿಕೊಳ್ಳುತ್ತಿದ್ದ. ನಮ್ಮ ಮನೆಗೂ ಅಂಗನವಾಡಿಗೂ ನಡುವೆ ಒಂದೇ ಗೋಡೆ. ನನ್ನ ಅವ್ವನಿಗಿಂತ ಎರಡು ವರ್ಷ ಚಿಕ್ಕವಳು ಎಂಬ ಕಾರಣಕ್ಕೆ ನಾನು ಮಾತ್ರ ಆಕೆಯನ್ನು ‘ಚಿಗವ್ವ’ ಎಂದು ಕರೆಯುತ್ತಿದ್ದೆ.

ಹೋದ ತಿಂಗಳು ಚಿಗವ್ವ ನಿವೃತ್ತಳಾದಳು. ಅಂಗನವಾಡಿಯ ಅಂಗಳದಲ್ಲೇ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ಆಕೆ ಮಾಡುತ್ತಿದ್ದ ಉಪ್ಪಿಟ್ಟನ್ನು ಹೊಗಳಿದರು, ಆಕೆ ಗುಡಿಸಿಟ್ಟ ಅಂಗಳವನ್ನು ಹೊಗಳಿದರು, ಒಂದು ಕೂಸನ್ನೂ ಹೊಡೆಯದೆ ಅಷ್ಟು ವರ್ಷ ಕಳೆದದ್ದನ್ನು ಹೊಗಳಿದರು. ಎಲ್ಲವೂ ನಿಜ. ಆದರೆ ನಾನು ಹಾವೇರಿಯಿಂದ ರಜೆ ಹಾಕಿ ಹೋದದ್ದು ಉಪ್ಪಿಟ್ಟಿನ ಋಣಕ್ಕಲ್ಲ. ಹಾವೇರಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ರಕ್ತದ ಕಣ ಎಣಿಸುವ ಕೆಲಸ ನನ್ನದು. ಎಣಿಸುತ್ತಿರುವಾಗ ಮನಸ್ಸು ಒಂದು ಚಣ ಆಚೀಚೆ ಹೋದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲಾದ ಹುಡುಗಿಯೊಬ್ಬಳು ಆ ಕುರ್ಚಿಯವರೆಗೆ ಬಂದದ್ದು ಹೇಗೆ ಎನ್ನುವುದು ಆ ಅಂಗಳದಲ್ಲಿ ಚಿಗವ್ವನಿಗೂ ನನಗೂ ಮಾತ್ರ ಗೊತ್ತಿರುವ ಸಂಗತಿ ಎಂದುಕೊಂಡು ಕುಳಿತಿದ್ದೆ.

ಚಿಗವ್ವ ಎತ್ತರದ ಹೆಣ್ಣುಮಗಳು. ಅಂಗನವಾಡಿಯ ಬಾಗಿಲು ಆಕೆಗೆ ಗಿಡ್ಡ. ಒಳಗೆ ಹೋಗುವಾಗಲೆಲ್ಲ ತಲೆ ಬಾಗಿಸಬೇಕಿತ್ತು. ಮುಂಜಾನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಮನೆಮನೆಗೆ ಹೋಗಿ ಕೂಸುಗಳನ್ನು ಕರೆತರುವುದು, ಕಸ ಹೊಡೆಯುವುದು, ನೀರು ತುಂಬುವುದು, ಅಡುಗೆ ಮಾಡಿ ಉಣಿಸಿ ಮಲಗಿಸುವುದು ಆಕೆಯ ಪಾಲಿನ ಕೆಲಸ. ಹಾಡು ಕಲಿಸುವುದು, ಕತೆ ಹೇಳುವುದು, ರಜಿಸ್ಟರು ಬರೆಯುವುದು ಕಾರ್ಯಕರ್ತೆಯ ಪಾಲಿನದು. ನಮ್ಮ ಕಡೆ ಕಲಿಸುವ ಹೆಂಗಸನ್ನು ‘ಅಕ್ಕೋರು’ ಅನ್ನುತ್ತಾರೆ. ಒಂದೇ ಕೋಣೆಯಲ್ಲಿ ಒಬ್ಬರು ಅಕ್ಕೋರು, ಇನ್ನೊಬ್ಬಳು ಆಯಾ. ಹತ್ತನೇ ತರಗತಿ ಪಾಸಾದವರಷ್ಟೇ ಅಕ್ಕೋರಾಗಬಹುದಿತ್ತು. ಚಿಗವ್ವ ಎಂಟನೆಯದಕ್ಕೇ ಸಾಲೆ ಬಿಟ್ಟಿದ್ದಳು.

ಮಾತು ಒರಟು. ಯಾರಾದರೂ ಅತ್ತರೆ, ಕೂಸಿರಲಿ ದೊಡ್ಡವರಿರಲಿ, ಸಮಾಧಾನ ಮಾಡುವ ಅಭ್ಯಾಸವೇ ಆಕೆಗಿರಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು ಎದುರಿಗೆ ಕುಳಿತು, ಸ್ವಲ್ಪ ಹೊತ್ತಿನ ಮೇಲೆ, “ಮುಗೀತೇನು?” ಎಂದು ಕೇಳುತ್ತಿದ್ದಳು. ವಿಚಿತ್ರವೆಂದರೆ ಆ ಮಾತಿಗೆ ಅಳು ಮುಗಿದೇ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದ ಕಾಲವದು. ನಾನು ಮಾರ್ಚಿನಲ್ಲಿ ಫೇಲಾದೆ. ಜೂನಿನಲ್ಲಿ ಮತ್ತೆ ಬರೆದೆ, ಮತ್ತೆ ಹೋಯಿತು. ಓದದೆ ಫೇಲಾಗಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ನಾನು ಮುಂಜಾನೆ ಪುಸ್ತಕ ಹಿಡಿದು ಕುಳಿತರೆ ಊಟಕ್ಕೆ ಏಳುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. “ನಮ್ಮಾಕಿ ಪುಸ್ತಕಾ ಬಿಟ್ಟು ಏಳೂದ ಇಲ್ಲ ನೋಡ್ರಿ,” ಎಂದು ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು. ಹಾಗಾಗಿ ಎರಡನೇ ಸಲ ಹೋದಾಗ ಓಣಿಯವರು ನನ್ನನ್ನು ನೋಡಿದ ರೀತಿಯೇ ಬೇರೆ. ಉಡಾಳಿ ಎಂದು ಬೈಯಲಿಕ್ಕೆ ಬರುವಂತಿರಲಿಲ್ಲ. ದಡ್ಡಿ ಎಂದು ಕನಿಕರಪಟ್ಟರು.

ಅಪ್ಪ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ಬಾಯಿ ಹೊಲಿಯುತ್ತಿದ್ದ. ಅವ್ವ ಅಲ್ಲೇ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಒಂದು ಸಂಜೆ ಅಪ್ಪ ಕೈಕಾಲು ತೊಳೆದು ಬಂದು ನನ್ನ ಪಕ್ಕ ಕುಳಿತ.

“ಇಷ್ಟು ಓದಿದ್ರೂ ಆಗೂದಿಲ್ಲಂದ್ರ ಅದು ನಮ್ಮ ಹಣೀಬರದಾಗ ಇಲ್ಲವ್ವಾ. ಮುಂದಿನ ಮಾರ್ಚಿಗೆ ಒಂದ ಸಲ ನೋಡು. ಆಗಲಿಲ್ಲಂದ್ರ ನಿಮ್ಮವ್ವನ ಕೂಡ ಪ್ಯಾಟಿಗೆ ನಡಿ. ಅದರಾಗ ನಾಚಿಕಿ ಏನೈತಿ?”

ಸಿಟ್ಟು ಮಾಡಿ ಹೇಳಿದ್ದರೆ ಎದುರು ಮಾತಾಡುತ್ತಿದ್ದೆ. ಅಪ್ಪ ಅದನ್ನು ಪ್ರೀತಿಯಿಂದ ಹೇಳಿದ. ನನ್ನ ತಲೆ ಇಷ್ಟೇ ಎಂದು ಮನೆಯವರೂ ಒಪ್ಪಿಕೊಂಡಂತಾಯಿತು.

ಮರುದಿನ ಮಧ್ಯಾಹ್ನ ವಿಜ್ಞಾನದ ಪುಸ್ತಕ ಹಿಡಿದು ಅಂಗನವಾಡಿಯ ಹಿತ್ತಲಿನ ಕಟ್ಟೆಯ ಮೇಲೆ ಕುಳಿತಿದ್ದೆ. ಓಣಿಯ ಕಣ್ಣಿಗೆ ಬೀಳದ ಜಾಗ ಅದೊಂದೇ. ಚಿಗವ್ವ ಪಾತ್ರೆ ತೊಳೆಯಲು ಹೊರಗೆ ಬಂದಳು. ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ಬಂದು ನನ್ನ ಮಡಿಲಿನ ಪುಸ್ತಕ ತೆಗೆದುಕೊಂಡಳು.

“ಏನ ಓದಾಕತ್ತೀದಿ?”

“ಬೆಳಕಿನ ಪಾಠ.”

“ಎಷ್ಟನೇ ಸಲ?”

“ಮುಂಜಾನಿಂದ ನಾಕನೇ ಸಲ.”

ಆಕೆ ಪುಸ್ತಕವನ್ನು ಮುಚ್ಚಿ ಹಿಂದೆ ಹಿಡಿದುಕೊಂಡಳು. “ಹೇಳು ನೋಡೋಣು.”

“ಬೆಳಕು ಅಂದ್ರ... ಬೆಳಕು...” ಎಂದೆ. ಪುಟದ ಮೂಲೆಯಲ್ಲಿದ್ದ ಚಿತ್ರ ಕಣ್ಣ ಮುಂದೆ ಬಂತು, ಯಾವ ಸಾಲಿನ ಕೆಳಗೆ ಕೆಂಪು ಗೆರೆ ಹೊಡೆದಿದ್ದೆ ಎಂಬುದೂ ಬಂತು. ಆ ಸಾಲಿನಲ್ಲಿ ಏನಿತ್ತೋ ಅದು ಬರಲಿಲ್ಲ. ನನಗೆ ಅಳು ಬಂತು. ಚಿಗವ್ವ ನೀರು ತಂದುಕೊಟ್ಟಳು. ಕಾದಳು. ಮುಗಿಯಿತೇನೆಂದು ಕೇಳಿದಳು. ನಂತರ ಆಡಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

“ನೀ ದಡ್ಡಿ ಅಲ್ಲಬೇ ಯವ್ವಾ. ನೀ ಓದಾಕತ್ತಿಲ್ಲ ಅಷ್ಟ. ಹೊಲಾ ಕಾಯಾವ್ರು ಬದುವಿನ ಮ್ಯಾಲೆ ಕುಂತಿರ್ತಾರಲ್ಲ, ಹಂಗ ಪುಸ್ತಕಾ ಕಾಯಾಕತ್ತೀದಿ. ಕಾಯಾವಗ ಹೊತ್ತು ಹೋಗತೈತಿ, ಬೆಳಿ ಏನು ಅವನ ಮನಿಗೆ ಬರತೈತೇನು?”

ಆಮೇಲೆ ಒಳಗೆ ಹೋಗಿ ತನ್ನ ಟ್ರಂಕಿನಿಂದ ಒಂದು ಗಂಟು ತಂದಳು. ಹತ್ತನೇ ತರಗತಿಯ ಪುಸ್ತಕಗಳು. ತಾನೂ ಖಾಸಗಿಯಾಗಿ ಪರೀಕ್ಷೆಗೆ ಕಟ್ಟುವವಳಿದ್ದೇನೆ, ಆದರೆ ಇಂಗ್ಲಿಷ್ ಅಂದರೆ ಏನೂ ತಿಳಿಯದು ಎಂದಳು. “ನೀ ನನಗ ಇಂಗ್ಲೀಷ ಹೇಳಿಕೊಡು. ಹೆಂಗ ಕುಂದ್ರಬೇಕು ಅನ್ನೂದು ನಾ ನಿನಗ ಹೇಳಿಕೊಡ್ತೇನಿ.”

ಮೂವತ್ತೊಂಬತ್ತರ ಹೆಂಗಸು, ಮಗಳನ್ನು ರಾಣೆಬೆನ್ನೂರಿಗೆ ಮದುವೆ ಮಾಡಿ ಕೊಟ್ಟವಳು, ನನ್ನ ಸಹಪಾಠಿಯಾದಳು.

ಕೂಸುಗಳು ಉಂಡು ಮಲಗುವ ಹೊತ್ತೇ ನಮ್ಮ ಓದಿನ ಹೊತ್ತು. ಹೆಚ್ಚೆಂದರೆ ಒಂದು ತಾಸು. ಮಾತಾಡಿದರೆ ಒಂದು ಕೂಸು ಏಳುತ್ತದೆ, ಒಂದು ಎದ್ದರೆ ಎಲ್ಲವೂ ಏಳುತ್ತವೆ. ಹೀಗಾಗಿ ಬಾಯಿಗೆ ಬೀಗ. ಓಣಿಯವರು ಕೇಳಿದರೆ ಚಿಗವ್ವ, “ನಮ್ಮ ಹುಡುಗಿ ಕೂಸು ನೋಡಿಕೊಳ್ಳಾಕ ಬರ್ತಾಳ,” ಎನ್ನುತ್ತಿದ್ದಳು. ನಾನು ಮತ್ತೆ ಪರೀಕ್ಷೆಗೆ ಓದುತ್ತಿದ್ದೇನೆಂದು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮೊದಲ ದಿನ ನಾನು ಒಂದು ವೇಳಾಪಟ್ಟಿ ಮಾಡಿಕೊಂಡು ಹೋಗಿದ್ದೆ. ನಾಲ್ಕು ಬಣ್ಣದ ಪೆನ್ನು, ಸ್ಕೇಲು ಹಿಡಿದು ಗೆರೆ, ಮೂಲೆಯಲ್ಲಿ ಹೂವು. ಚಿಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಛಂದ ಐತಿ. ಬರಿಯಾಕ ಎಷ್ಟೊತ್ತು ಹಿಡೀತು?”

“ಎರಡ ತಾಸು.”

“ಅಷ್ಟರಾಗ ಆರು ಲೆಕ್ಕಾ ಆಗ್ತಿದ್ದವು,” ಎಂದು ಅದನ್ನು ಮಡಿಚಿ ಒಂದು ಡಬ್ಬಿಯ ಅಡಿಗೆ ಹಾಸಿಬಿಟ್ಟಳು.

ಆಕೆಯ ಪದ್ಧತಿ ಬೇರೆ. ಕೂಸುಗಳಿಗೆ ಎಣಿಕೆ ಕಲಿಸಲು ಒಂದು ಡಬ್ಬಿ ತುಂಬ ಹುಣಸೆ ಬೀಜವಿತ್ತು. ಅದರಿಂದ ಒಂದು ಮುಷ್ಟಿ ತೆಗೆದು ನನ್ನ ಎಡಕ್ಕೆ ಸುರಿದಳು. ಓದುವಾಗ ಮನಸ್ಸು ಬೇರೆ ಕಡೆ ಹೋಯಿತೆಂದು ಗೊತ್ತಾದ ಕೂಡಲೇ ಒಂದು ಬೀಜ ಎಡದಿಂದ ಬಲಕ್ಕೆ ಇಡಬೇಕು, ಮತ್ತೆ ಓದಬೇಕು. ಅಷ್ಟೇ. ಆವತ್ತು ಒಂದು ತಾಸಿನಲ್ಲಿ ನನ್ನ ಬಲಕ್ಕೆ ನಲವತ್ತೊಂದು ಬೀಜಗಳು ಬಂದಿದ್ದವು. ನಾಚಿಕೆಯಿಂದ ಎರಡು ಬೀಜ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ. ಆಕೆ ನೋಡಿಬಿಟ್ಟಳು.

“ಯಾಕ ಮುಚ್ಚತೀ? ಕೂಸು ಎದ್ದು ಹೊರಗ ಓಡಿ ಹೋತು ಅಂದ್ರ ನಾ ಏನ್ ಮಾಡ್ತೇನಿ? ಹೊಡೀತೇನೇನು?”

“ಇಲ್ಲ. ಕರಕೊಂಡು ಬರ್ತೀ.”

“ಹಾಂ. ಕೈ ಹಿಡಿದು ಕರಕೊಂಡು ಬಂದು ಮತ್ತ ಕುಂದ್ರಸ್ತೇನಿ. ಮತ್ತ ಓಡಿದ್ರ ಮತ್ತ ಕರಕೊಂಡು ಬರ್ತೇನಿ. ಅದಕ್ಕ ಬ್ಯಾಸರಾಗೂತನಕಾ. ಮನಸ್ಸೂ ಅಂಥಾದ್ದ. ಅದನ್ನ ಬೈಕೋಂತ ಕುಂತ್ರ ಬೈಯೂದ್ರಾಗ ತಾಸು ಹೋಗತೈತಿ.”

ಎಷ್ಟೋ ವರ್ಷ ನಾನು ನನ್ನ ಮನಸ್ಸನ್ನು ಬೈದುಕೊಂಡೇ ಓದಿದವಳು. ಹಾಗೆ ಅದರ ಕೈ ಹಿಡಿದು ಕರೆತರಬಹುದೆಂದು ಯಾವ ಮಾಸ್ತರೂ ಹೇಳಿರಲಿಲ್ಲ. ದಸರೆಯ ಹೊತ್ತಿಗೆ ಬೀಜಗಳು ಹದಿನೈದಕ್ಕೆ ಇಳಿದವು. ದೀಪಾವಳಿಗೆ ಒಂಬತ್ತು. ಒಂದು ದಿನ ನಾಲ್ಕೇ. ಆವತ್ತು ಸಂಜೆ ಚಿಗವ್ವ ನಮ್ಮ ಮನೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಂದು ಬಟ್ಟಲು ಕಳಿಸಿದಳು.

ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಕೂಸುಗಳ ಪಾಟಿಯ ಮೇಲೆ ನೆನಪಿದ್ದಷ್ಟು ಬರೆಯಬೇಕು. ಬರದಿದ್ದದ್ದನ್ನು ಮಾತ್ರ ಮತ್ತೆ ಓದಬೇಕು. ಬರೆದದ್ದನ್ನು ಒರೆಸಿಬಿಡಬೇಕು. ಮೊದಮೊದಲು ಪಾಟಿಯ ಮೇಲೆ ಎರಡು ಸಾಲು ಬಂದರೆ ಹೆಚ್ಚು. ಆದರೆ ಆ ಎರಡು ಸಾಲು ಮಾತ್ರ ಖಂಡಿತವಾಗಿ ನನ್ನವು. ಒಂದು ಸಲ ಆಕೆ ಅಡುಗೆ ಮನೆಯಲ್ಲಿದ್ದಾಗ ಪುಸ್ತಕದ ಸಂದಿಯಿಂದ ನೋಡಿ ಪಾಟಿ ತುಂಬ ಬರೆದೆ. ಆಕೆ ಬಂದು ಪಾಟಿ ನೋಡಿದಳು, ನನ್ನ ಮುಖ ನೋಡಿದಳು. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೆಯ ದಿನ, “ನನಗ ಸುಳ್ಳ ಹೇಳಿದ್ರ ನಡೀತೈತಿ, ನಾ ಯಾರು? ಪಾಟಿಗೆ ಸುಳ್ಳ ಹೇಳಬ್ಯಾಡ,” ಎಂದಳು. ಆಕೆಯ ಸಿಟ್ಟು ಕಂಡದ್ದು ಅದೊಂದೇ ಸಲ.

ಕಲಿತ ಪಾಠವನ್ನು ನಾಲ್ಕು ದಿನ ಬಿಟ್ಟು ಮತ್ತೆ ಕೇಳುತ್ತಿದ್ದಳು. ಹತ್ತು ದಿನ ಬಿಟ್ಟು ಮತ್ತೊಮ್ಮೆ. “ಒಮ್ಮೆ ಬಂದೈತಲ್ಲ ಚಿಗವ್ವಾ,” ಎಂದು ಗೊಣಗಿದರೆ, “ಮೆಣಸಿನಕಾಯಿ ಒಂದ ದಿನಾ ಕಣದಾಗ ಹರವಿಬಿಟ್ರ ಒಣಗತಾವೇನು? ತಿರುವಿ ಹಾಕಬೇಕು. ಇಲ್ಲಂದ್ರ ಒಳಗಿಂದೊಳಗ ಬೂಸ್ಟ ಹಿಡೀತಾವು,” ಎನ್ನುತ್ತಿದ್ದಳು. ಬ್ಯಾಡಗಿಯವಳಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ಬೇಕಿರಲಿಲ್ಲ.

ನಾನು ಆಕೆಗೆ ಇಂಗ್ಲಿಷ್ ಕಲಿಸಿದ ಕತೆ ಮಾತ್ರ ಇಷ್ಟು ಚೆನ್ನಾಗಿಲ್ಲ. ಈಟ್, ಏಟ್, ಈಟನ್ ಎಂದು ಉರು ಹೊಡೆಸಿದರೆ ಆಕೆ ತಲೆ ಕೊಡವಿ, “ಉಂಡಿದ್ದು ಒಂದ ಊಟ, ಅದಕ್ಕ ಮೂರು ಮಾತು ಯಾಕ ಬೇಕು?” ಎಂದು ಜಗಳ ತೆಗೆಯುತ್ತಿದ್ದಳು. ನನಗೆ ನಗು. ನಕ್ಕರೆ ಕೂಸು ಏಳುತ್ತದೆಂದು ಸೆರಗಿನಿಂದ ನನ್ನ ಬಾಯಿ ಮುಚ್ಚುತ್ತಿದ್ದಳು.

ಸಂಕ್ರಮಣ ಮುಗಿದ ಮೇಲೆ ಒಂದು ತೊಡಕು ಬಂತು. ಆಯಾ ಕೆಲಸದ ಹೊತ್ತಿನಲ್ಲಿ ಪುಸ್ತಕ ಓದುತ್ತಾಳೆ ಎಂದು ಆಗಿನ ಅಕ್ಕೋರು ಮೇಲಿನವರ ಕಿವಿಗೆ ಹಾಕಿದರು. ಮೇಲಿನವರು ಬಂದರು, ಪಾಟಿ ನೋಡಿದರು, ಇನ್ನು ಮೇಲೆ ಇದು ಕೂಡದು ಎಂದರು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಚಿಗವ್ವ ಹೋರಾಡುವಳೆಂದು ನಾನು ಕಾದೆ. ಆಕೆ, “ಅವರು ಹೇಳೂದು ಖರೇ ಐತಿ. ಪಗಾರ ತಗೋಳೂದು ಕೂಸು ನೋಡಾಕ,” ಎಂದು ಪುಸ್ತಕ ಗಂಟು ಕಟ್ಟಿದಳು. ಆಕೆಯ ಕಣ್ಣುಗಳು ಮಾತ್ರ ಕೆಂಪಗಿದ್ದವು.

ನಮಗಿಬ್ಬರಿಗೂ ಮನೆಯಲ್ಲಿ ಜಾಗವಿರಲಿಲ್ಲ. ಚಿಗವ್ವನ ಗಂಡ ಪೇಟೆಯಲ್ಲಿ ಹಮಾಲ, ನಗೆಮಾತಿನ ಮನುಷ್ಯ. “ನಮ್ಮನ್ಯಾಗ ಕಲೆಕ್ಟರ್ ತಯಾರಾಗಾಕತ್ತಾರ,” ಎಂದು ಎಲ್ಲರೆದುರು ಚೇಷ್ಟೆ ಮಾಡಿದರೂ ಹೆಂಡತಿಯ ಓದಿಗೆ ಆತ ಒಂದು ದಿನವೂ ಅಡ್ಡ ಬಂದವನಲ್ಲ. ತಾನೇ ಮುಂದಾಗಿ, ಆ ದಿನದ ಮೆಣಸಿನಕಾಯಿ ಹರಾಜಿನ ಟೆಂಡರು ಮುಗಿದ ಮೇಲೆ ಪೇಟೆಯ ಒಂದು ಕಟ್ಟೆಯ ಮೇಲೆ ಚೀಲಗಳ ಮರೆಯಲ್ಲಿ ನಮಗೆ ಜಾಗ ಮಾಡಿಕೊಟ್ಟ. ಮೆಣಸಿನಕಾಯಿಯ ಘಾಟಿಗೆ ಒಂದೊಂದು ಸಾಲಿಗೆ ಎರಡೆರಡು ಸೀನು. ಮೂರನೇ ದಿನಕ್ಕೆ ಚಿಗವ್ವ, “ಇಲ್ಲಿ ಕಲತಿದ್ದೆಲ್ಲಾ ಮೂಗಿನ್ಯಾಗಿಂದ ಹೊಂಟೈತಿ, ನಡಿ,” ಎಂದು ಎದ್ದಳು.

ಕೊನೆಗೆ ಸಿಕ್ಕಿದ್ದು ರೈಲು ನಿಲ್ದಾಣ. ಅಂಗನವಾಡಿಗೆ ಬೀಗ ಹಾಕಿ ಇಬ್ಬರೂ ನಡೆದು ಹೋಗುತ್ತಿದ್ದೆವು. ಪ್ಲಾಟ್‌ಫಾರ್ಮಿನ ತುದಿಯ ಕಲ್ಲು ಬೆಂಚು ನಮ್ಮದು. ಅಲ್ಲಿ ಗದ್ದಲವಿತ್ತು, ಆದರೆ ನಮ್ಮನ್ನು ಕರೆಯುವವರು ಯಾರೂ ಇರಲಿಲ್ಲ. ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗೆ ಓದು. ಗಾಡಿ ಬಂದಾಗ ಪುಸ್ತಕ ಮುಚ್ಚಿ ಇಳಿಯುವವರನ್ನೂ ಹತ್ತುವವರನ್ನೂ ಮನಸಾರೆ ನೋಡುವುದು. “ನೋಡೂವಾಗ ನೋಡು, ಓದೂವಾಗ ಓದು. ಎರಡೂ ಕಲಸಬ್ಯಾಡ,” ಎನ್ನುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮನೆ. ನಿದ್ದೆಗೆಟ್ಟು ಓದುವುದಕ್ಕೆ ಆಕೆಯ ಕಡು ವಿರೋಧ. ನಿದ್ದೆಗೆಟ್ಟ ಕೂಸು ಏನು ಕಲಿಸಿದರೂ ಬರೀ ರಗಳೆ ಮಾಡುತ್ತದೆ ಎಂಬುದು ಆಕೆ ನಿತ್ಯ ಕಂಡ ಸತ್ಯ.

ನಮ್ಮ ಪರೀಕ್ಷಾ ಕೇಂದ್ರ ರಾಣೆಬೆನ್ನೂರಿನಲ್ಲಿ ಬಿತ್ತು. ಇಬ್ಬರಿಗೂ ಪರೀಕ್ಷೆ ಇದ್ದ ಮೊದಲ ದಿನ ಮುಂಜಾನೆಯ ಬಸ್ಸಿಗೆ ಹೋದೆವು. ಚಿಗವ್ವ ಮಗಳ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಉಟ್ಟಿದ್ದಳು. ಗೇಟಿನಲ್ಲಿ ನಿಂತಿದ್ದ ಒಬ್ಬ ಮಾಸ್ತರರು ನನ್ನನ್ನು ಒಳಗೆ ಬಿಟ್ಟು ಆಕೆಗೆ ಕೈ ಅಡ್ಡ ಹಿಡಿದರು.

“ಪಾಲಕರು ಹೊರಗ ನಿಂದರ್ರಿ ಅವ್ವಾರ.”

“ನಾ ಪಾಲಕಳಲ್ರಿ. ಪರೀಕ್ಷಾ ಬರಿಯಾಕ ಬಂದೇನಿ.”

ಅವರು ಪ್ರವೇಶಪತ್ರ ನೋಡಿದರು, ಆಕೆಯನ್ನು ನೋಡಿದರು. ಹಿಂದಿದ್ದ ಹುಡುಗರು ಕಿಸಕ್ಕೆಂದು ನಕ್ಕರು. ಚಿಗವ್ವ ಅವರ ಕಡೆಗೆ ತಿರುಗಿ, “ನಗ್ರಿ ನಗ್ರಿ, ಒಳಗ ಹೋದ ಮ್ಯಾಲೆ ನಗಾಕ ಆಗೂದಿಲ್ಲ,” ಎಂದಳು. ಈಗ ನಗುವ ಸರದಿ ಮಾಸ್ತರರದು. ಅವರೇ ಆಕೆಯನ್ನು ಕೋಣೆಯವರೆಗೆ ಕರೆದೊಯ್ದು ಜಾಗ ತೋರಿಸಿದರಂತೆ.

ಗಣಿತದ ದಿನ ನನಗೆ ಆಗಬಾರದ್ದು ಆಯಿತು. ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ ಕಣ್ಣು ಮಂಜಾಯಿತು. ಎಲ್ಲ ಅಂಕೆಗಳೂ ಒಂದೇ ತರಹ ಕಾಣಿಸಿದವು. ಅಪ್ಪನ ಮಾತು, ತೊಟ್ಟು ಮುರಿಯುವ ಸಾಲಿನಲ್ಲಿ ಅವ್ವನ ಪಕ್ಕದ ಖಾಲಿ ಜಾಗ, ಓಣಿಯವರ ಕನಿಕರ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಗಡಿಯಾರ ನೋಡಿದೆ. ಹತ್ತು ನಿಮಿಷ ಕಳೆದಿತ್ತು. ಎರಡು ಸಾಲು ಮುಂದೆ ಚಿಗವ್ವ ಬೆನ್ನು ಬಗ್ಗಿಸಿ ಬರೆಯುತ್ತಿದ್ದಳು. ಆಕೆ ತಿರುಗಿ ನೋಡಲಿ ಎಂದು ಆಸೆಪಟ್ಟೆ. ನೋಡಲಿಲ್ಲ. ನನ್ನನ್ನು ಪೂರಾ ಮರೆತು ಬರೆಯುತ್ತಿದ್ದಳು. ಅದನ್ನು ಕಂಡು ನನಗೊಂದು ಧೈರ್ಯ ಬಂತು. ಆಕೆ ಮಾಡುತ್ತಿದ್ದದ್ದು ನನಗೂ ಹೇಳಿಕೊಟ್ಟದ್ದೇ. ಓಡಿ ಹೋದ ಮನಸ್ಸಿನ ಕೈ ಹಿಡಿದೆ, ತಂದು ಮೊದಲ ಪ್ರಶ್ನೆಯ ಮುಂದೆ ಕೂರಿಸಿದೆ. ಮತ್ತೆ ಓಡಿತು, ಮತ್ತೆ ತಂದೆ. ಮೂರನೆಯ ಲೆಕ್ಕದ ಹೊತ್ತಿಗೆ ಅದಕ್ಕೆ ಬೇಸರವಾಯಿತು. ಆಮೇಲೆ ಗಂಟೆ ಹೊಡೆಯುವವರೆಗೂ ನಾನು ತಲೆ ಎತ್ತಲಿಲ್ಲ.

ಫಲಿತಾಂಶ ಬಂದ ದಿನ ಅಪ್ಪನೇ ಹೋಗಿ ನೋಡಿಕೊಂಡು ಬಂದ. ನನಗೆ ಗಣಿತದಲ್ಲಿ ಐವತ್ತೆರಡು, ವಿಜ್ಞಾನದಲ್ಲಿ ನಲವತ್ತೇಳು. ಅಪ್ಪ ಅಂಗಳದಲ್ಲಿ ನಿಂತು ನನ್ನ ತಲೆಯ ಮೇಲೆ ಕೈ ಇಟ್ಟ. ಚಿಗವ್ವ ಐದು ವಿಷಯ ಪಾಸು, ಇಂಗ್ಲಿಷಿನಲ್ಲಿ ಇಪ್ಪತ್ತೊಂಬತ್ತು. ಆರು ಅಂಕಕ್ಕೆ ಹೋಗಿತ್ತು.

ನಾನು ಗೋಡೆಯಾಚೆ ಅಂಗನವಾಡಿಗೆ ಹೋಗಲು ಹೆದರಿದೆ. ಕಲಿಸಿದವಳು ನಾನು. ಸಂಜೆ ಆಕೆಯೇ ಬಂದಳು, ಒಂದು ಕೈಯಲ್ಲಿ ನನಗಾಗಿ ತಂದ ಪೇಢೆ. ನಾನು ಅಳಲು ಶುರುಮಾಡಿದೆ. ಈ ಸಲ ನೀರು ತರಲಿಲ್ಲ, ಪಕ್ಕದಲ್ಲಿ ಕುಳಿತಳು.

“ಸೊನ್ನಿ ಇತ್ತು, ಇಪ್ಪತ್ತೊಂಬತ್ತು ಬಂತು. ಅದು ನೀ ಕೊಟ್ಟಿದ್ದು. ನಿನಗ ಒಂದ ಮಾತು ಹೇಳಬೇಕು. ಆವತ್ತು ಹಿತ್ತಲದಾಗ ನಿನಗ ಬುದ್ಧಿ ಹೇಳಿದೆ ನೋಡು, ಅದಕ್ಕಿಂತ ಮೊದಲ ಎರಡು ವರ್ಷ ಆ ಪುಸ್ತಕ ನನ್ನ ಟ್ರಂಕಿನ್ಯಾಗ ಇದ್ದವು. ಒಂದ ದಿನಾನೂ ತಗದಿದ್ದಿಲ್ಲ. ಅಂಜಿಕಿ. ಈ ವಯಸ್ಸಿನ್ಯಾಗ ಯಾರರ ನೋಡಿದ್ರ ನಗತಾರ ಅಂತ.”

“ಮತ್ತ ಹೆಂಗ ಓದಬೇಕು ಅನ್ನೂದೆಲ್ಲಾ ನಿನಗ ಹೆಂಗ ಗೊತ್ತಿತ್ತು ಚಿಗವ್ವಾ?”

“ಎಲ್ಲಿ ಗೊತ್ತಿತ್ತು? ನಾಳಿಗೆ ನಿನಗ ಏನರ ಹೇಳಬೇಕಲ್ಲ ಅಂತ ರೊಟ್ಟಿ ಬಡಿಯೂವಾಗ ವಿಚಾರ ಮಾಡ್ತಿದ್ದೆ. ಕೂಸುಗಳನ್ನ ನೋಡಿ ನೋಡಿ ಹೊಳೀತಿತ್ತು. ಹೊಳದಿದ್ದನ್ನ ಮೊದಲ ನಿನ್ನ ಮ್ಯಾಲೆ ಹಾಕಿ ನೋಡ್ತಿದ್ದೆ,” ಎಂದು ನಕ್ಕಳು.

ಆಕೆ ಜೂನಿನಲ್ಲಿ ಮತ್ತೆ ಬರೆದಳು. ಮೂವತ್ಮೂರು, ಎರಡು ಅಂಕಕ್ಕೆ ಮತ್ತೆ ಹೋಯಿತು. ನಾನು ಹಾವೇರಿಯ ಕಾಲೇಜು ಸೇರಿದ್ದೆ. ಪ್ರತಿ ಆಯಿತವಾರ ಬ್ಯಾಡಗಿಗೆ ಬಂದು ಹಿತ್ತಲಿನಲ್ಲಿ ಕುಳಿತು ಕಲಿಸಿದೆ. ಮುಂದಿನ ಮಾರ್ಚಿನಲ್ಲಿ ನಲವತ್ತೊಂದು ಬಂತು. ಓಣಿಗೆ ಪೇಢೆ ಹಂಚಿದವನು ಆಕೆಯ ಗಂಡ. “ಇನ್ನ ನಾ ಆಯಾನ ಗಂಡ ಅಲ್ಲ, ಅಕ್ಕೋರ ಗಂಡ,” ಎಂದು ಸಾರಿಕೊಂಡು ಬಂದ.

ಆದರೆ ಹಾಗಾಗಲಿಲ್ಲ. ನಮ್ಮ ಅಂಗನವಾಡಿಯ ಅಕ್ಕೋರ ಜಾಗ ತೆರವಾಗಿ ಅರ್ಜಿ ಕರೆಯುವ ಹೊತ್ತಿಗೆ ಮತ್ತೆ ಕೆಲವು ವರ್ಷ ಕಳೆದಿದ್ದವು, ಚಿಗವ್ವನ ವಯಸ್ಸು ಮಿತಿ ದಾಟಿತ್ತು. ಆಕೆಯ ಮಗಳಿಗಿಂತ ಚಿಕ್ಕವಳೊಬ್ಬಳು ಅಕ್ಕೋರಾಗಿ ಬಂದಳು. ಸುದ್ದಿ ಕೇಳಿ ನಾನು ಹಾವೇರಿಯಿಂದ ಓಡಿಬಂದೆ, ಅರ್ಜಿ ಹಾಕೋಣ, ಯಾರನ್ನಾದರೂ ಕಾಣೋಣ ಎಂದು ಕೂಗಾಡಿದೆ. ಚಿಗವ್ವ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟಳು.

“ನನಗೂ ಕೆಟ್ಟ ಅನಸೇತಿ. ಇಲ್ಲಾ ಅಂತ ಹೇಳೂದಿಲ್ಲ. ಎರಡು ದಿನಾ ಊಟಾ ಸೇರಲಿಲ್ಲ. ಆದ್ರ ಓದೂವಾಗ ನನಗ ಛಲೋ ಅನಸ್ತಿತ್ತಲ್ಲ ಯವ್ವಾ, ಸ್ಟೇಷನ್ನಿನ ಬೆಂಚಿನ ಮ್ಯಾಲೆ ಕುಂತಾಗ, ಅದನ್ನ ಯಾರ ಕಸಗೊಂತಾರ?”

ಆಮೇಲೆ ಆ ವಿಷಯವನ್ನು ಆಕೆ ಎತ್ತಲಿಲ್ಲ. ನನ್ನ ಓದು ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು. ಅಪ್ಪ ಅವ್ವ ತಮ್ಮನ ಜೊತೆ ಬೇರೆ ಓಣಿಗೆ ಹೋದರು. ನಾನು ಚಿಗವ್ವನನ್ನು ಕಾಣುವುದು ಹಬ್ಬಕ್ಕೊಮ್ಮೆ ಎಂಬಂತಾಯಿತು. ಹೋದಾಗಲೆಲ್ಲ ನನ್ನ ಕೆಲಸದ ಬಗ್ಗೆ ಕೇಳುತ್ತಿದ್ದಳು. ತನ್ನ ಬಗ್ಗೆ ಹೇಳುತ್ತಿದ್ದದ್ದು ಕಡಿಮೆ.

ಹೋದ ತಿಂಗಳ ಸಮಾರಂಭಕ್ಕೆ ಬರುತ್ತೇನೆ. ಭಾಷಣಗಳು ಮುಗಿದವು, ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದರೆ ಚಿಗವ್ವ, “ಊಟಕ್ಕ ತಡಾ ಆತು, ಏಳ್ರಿ,” ಎಂದಳು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಲೆ, ರೊಟ್ಟಿ. ಅಂಗಳದಲ್ಲಿ ಚಾಪೆ ಹಾಸಿದ್ದರು. ಓಣಿಯವರ ನಡುವೆ ಕೆಲವು ಗುರುತಿಲ್ಲದ ಮುಖಗಳಿದ್ದವು. ಚಿಗವ್ವನ ಬೀಗರ ಕಡೆಯವರಿರಬೇಕು ಎಂದುಕೊಂಡೆ. ನನ್ನ ಪಕ್ಕ ಕಂಡಕ್ಟರ ಅಂಗಿ ತೊಟ್ಟ ಒಬ್ಬ ಯುವಕ ಕುಳಿತ. ರಾಣೆಬೆನ್ನೂರು ಡಿಪೋದವನಂತೆ, ಪಾಳಿ ಮುಗಿಸಿ ಸೀದಾ ಬಂದಿದ್ದ.

“ನೀವು ಆಯಾ ಅವರಿಗೆ ಏನಾಗಬೇಕ್ರಿ?” ಎಂದು ಕೇಳಿದ.

“ನೆರಮನಿಯವರು,” ಎಂದೆ. “ನೀವು?”

ಆತ ಸ್ವಲ್ಪ ಹೊತ್ತು ಹುಗ್ಗಿ ಕಲಸಿದ. ಆಮೇಲೆ ದನಿ ತಗ್ಗಿಸಿ, “ನಂದು ಇಂಗ್ಲೀಷ ಹೋಗಿತ್ರಿ. ಎರಡು ಸಲ. ಒಂದ ವರ್ಷ ದಿನಾ ಸಂಜಿಕ್ಕ ಸ್ಟೇಷನ್ನಿನ್ಯಾಗ ಕುಂದ್ರಿಸಿಕೊಂಡು ಓದಿಸಿದ್ರು. ಯಾರಿಗೂ ಹೇಳಬ್ಯಾಡ್ರಿ,” ಎಂದ.

ನಾನು ತುತ್ತನ್ನು ಕೈಯಲ್ಲೇ ಹಿಡಿದು ಅವನ ಮುಖ ನೋಡಿದೆ. “ನಂದು ಗಣಿತ, ವಿಜ್ಞಾನ,” ಎಂದೆ.

ಎದುರಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ತಲೆ ಎತ್ತಿದಳು. ಅಗಡಿಯಲ್ಲಿ ಆಶಾ ಕಾರ್ಯಕರ್ತೆಯಂತೆ. “ನಂದೂ ಗಣಿತ,” ಎಂದಳು. ಆಕೆಯ ಪಕ್ಕದವನು, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು, “ನಂದು ಹಿಂದಿ ಒಂದ ಉಳಕೊಂಡಿತ್ತು,” ಎಂದ. ಹೊಸರಿತ್ತಿ ಕಡೆಯಿಂದ ಬಂದ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ವಿಜ್ಞಾನ, ತಂಗಿಯೂ ವಿಜ್ಞಾನ. ಹೀಗೆ ಆ ಪಂಕ್ತಿಯಲ್ಲಿ ಒಂಬತ್ತು ಜನ ಸಿಕ್ಕೆವು. ಆವತ್ತು ನಾವು ಹೆಸರು ಹೇಳಿಕೊಳ್ಳಲಿಲ್ಲ, ಹೋದ ವಿಷಯ ಹೇಳಿಕೊಂಡೆವು. ಅಷ್ಟು ವರ್ಷ ಒಬ್ಬರ ಸೋಲನ್ನು ಇನ್ನೊಬ್ಬರ ಮುಂದೆ ಚಿಗವ್ವ ಆಡಿರಲಿಲ್ಲ. ಒಂದೇ ವರ್ಷ ಕೂಡಿ ಓದಿದ ಅಕ್ಕತಂಗಿಯರನ್ನು ಬಿಟ್ಟರೆ, ಆ ಬೆಂಚಿನ ಮೇಲೆ ಕುಳಿತವರು ತಾವೊಬ್ಬರೇ ಎಂದೇ ಎಲ್ಲರೂ ತಿಳಿದಿದ್ದರು. ಮೊದಲು ಕಂಡಕ್ಟರು ನಕ್ಕ, ಆಮೇಲೆ ನಾವೆಲ್ಲ ನಕ್ಕೆವು. ನನ್ನ ಕಣ್ಣಲ್ಲಿ ನೀರು ಬಂತು.

ನಗು ಕೇಳಿ ಚಿಗವ್ವ ಹುಗ್ಗಿಯ ಬಕೆಟ್ಟು ಹಿಡಿದುಕೊಂಡೇ ನಮ್ಮ ಸಾಲಿಗೆ ಬಂದಳು. ಹೊದಿಸಿದ ಶಾಲನ್ನು ಆಗಲೇ ತೆಗೆದಿಟ್ಟು ಸೆರಗು ಸಿಕ್ಕಿಸಿದ್ದಳು. ನಾವು ಒಬ್ಬರನ್ನೊಬ್ಬರು ಗುರುತು ಹಿಡಿದೆವೆಂದು ಆಕೆಗೆ ನೋಡಿದ ಕೂಡಲೇ ತಿಳಿಯಿತು. ಒಂದೊಂದೇ ಮುಖ ನೋಡುತ್ತ ಸಾಲಿನ ಕೊನೆಯವರೆಗೆ ಹೋದಳು, ನಿಂತು ಬಾಗಿಲ ಕಡೆಗೆ ನೋಡಿದಳು.

“ಆ ಸಮಾಜ ವಿಜ್ಞಾನ ಹೋಗಿದ್ದ ಹುಡುಗ ಇನ್ನೂ ಬಂದಿಲ್ಲ ನೋಡ್ರಿ. ಸವಣೂರಿಂದ ಬರಬೇಕು, ಬಸ್ ತಡಾ ಆಗಿರಬೇಕು. ಅವಂದೊಂದು ತಾಟು ಹುಗ್ಗಿ ತಗದಿಡ್ರಿ,” ಎಂದಳು.